ಅಮೆರಿಕದವರು ಗಡಿಯಾರ ತಿರುಗಿಸಿದರು, ನನ್ನ ಕ್ಲಾಸು ತಪ್ಪಿತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಮಾಳಮಡ್ಡಿ_ತಂಬೂರಿ
ಭಾನುವಾರ 15 ಮಾರ್ಚ್ 2026, ಮುಂಜಾನೆ 9:05

ಎಲ್ಲರಿಗೂ ನಮಸ್ಕಾರ. ಇದು ಪ್ರಶ್ನೆಯೋ ಸಂಕಟವೋ ನನಗೇ ಗೊತ್ತಿಲ್ಲ, ಓದಿ ನೀವೇ ಹೇಳಿ.

ಧಾರವಾಡದಲ್ಲಿ ಮನೆಯಲ್ಲೇ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಕೊರೊನಾ ಹೊತ್ತಿನಲ್ಲಿ ಆನ್‌ಲೈನ್ ಶುರು ಮಾಡಿದ್ದು, ಆಮೇಲೆ ನಿಲ್ಲಲೇ ಇಲ್ಲ. ಈಗ ಶಿಕಾಗೋದಲ್ಲಿ ಹನ್ನೆರಡು ವರ್ಷದ ಹುಡುಗಿ ಒಬ್ಬಳು, ಅರಿಜೋನಾದ ಫೀನಿಕ್ಸ್‌ನಲ್ಲಿ ಒಬ್ಬಾಕೆ, ಲಂಡನ್ನಿನಲ್ಲಿ ಗಂಡ ಹೆಂಡತಿ, ಆಸ್ಟ್ರೇಲಿಯಾದಲ್ಲಿ ನಾಲ್ಕು ಮಂದಿಯ ಒಂದು ಗುಂಪು.

ಶಿಕಾಗೋ ಹುಡುಗಿಯ ಕ್ಲಾಸು ನಮ್ಮ ಭಾನುವಾರ ಮುಂಜಾನೆ ಏಳೂವರೆಗೆ. ಅವಳಿಗೆ ಅದು ಶನಿವಾರ ರಾತ್ರಿ ಎಂಟು. ಇವತ್ತು ಏಳು ಇಪ್ಪತ್ತಕ್ಕೆ ತಂಬೂರಿಯ ಗವಸು ತೆಗೆದು, ಜವಾರಿಯ ದಾರ ಸರಿಮಾಡಿ, ಲ್ಯಾಪ್‌ಟಾಪ್ ತೆರೆದರೆ ಅವಳ ಏಳು ಮೆಸೇಜು. ‘ಅಕ್ಕೋರೇ ಬರಲಿಲ್ಲ?’ ‘ಅಕ್ಕೋರೇ ಆರಾಮ ಇದ್ದೀರಾ?’ ಕೊನೆಯದು, ‘ಅಮ್ಮ ಮಲಗು ಅಂತಿದ್ದಾಳೆ’. ಪಾಪ, ಆರೂವರೆಯಿಂದ ಕಾಯುತ್ತಾ ಕೂತಿತ್ತು ಹುಡುಗಿ. ಹೋದ ಭಾನುವಾರ ಅವರ ಗಡಿಯಾರ ಒಂದು ತಾಸು ಮುಂದೆ ಹೋಗಿದೆಯಂತೆ.

ಫೀನಿಕ್ಸ್‌ನವರದು ಮಾತ್ರ ಏನೂ ಬದಲಾಗಿಲ್ಲ. ಎರಡೂ ಅಮೆರಿಕವೇ ಅಲ್ವಾ? ಲಂಡನ್ನಿನವರು ‘ನಮ್ಮದು 29ಕ್ಕೆ’ ಅನ್ನುತ್ತಾರೆ. ಆಸ್ಟ್ರೇಲಿಯಾದ ಗುಂಪಿನಲ್ಲಿ ಸಿಡ್ನಿಯ ಇಬ್ಬರು ‘ನಾವು ಏಪ್ರಿಲ್ 5ಕ್ಕೆ ಹಿಂದೆ ಹೋಗುತ್ತೇವೆ’ ಅಂದರೆ, ಬ್ರಿಸ್ಬೇನ್‌ನ ಇಬ್ಬರು ‘ನಾವು ಎಲ್ಲಿಗೂ ಹೋಗುವುದಿಲ್ಲ’ ಅನ್ನುತ್ತಾರೆ. ನನಗೆ ತಾಳ ತಪ್ಪುವುದು ಗೊತ್ತು, ಇದು ಯಾವ ತಾಳ?

ಚುರುಮುರಿ_ಚಿಕ್ಕಪ್ಪ
ಮುಂಜಾನೆ 9:11

ಸುಮ್ನೆ ‘ನಮ್ಮ ಟೈಮಿಗೆ ಬನ್ನಿ’ ಅನ್ನಿ. ಕಲಿಯುವ ಗರಜು ಅವರದು.

ನೈಟ್‌ಶಿಫ್ಟ್_ನವನಗರ
ಮುಂಜಾನೆ 9:34

ಅಕ್ಕೋರೇ, ನಮ್ಮ ಮನೆಗೆ ಈ ಪೀಡೆ ಹನ್ನೊಂದು ವರ್ಷದಿಂದ ಇದೆ. ಹುಬ್ಬಳ್ಳಿಯಲ್ಲಿ ಕೂತು ನ್ಯೂಯಾರ್ಕಿನ ಕಚೇರಿಗೆ ಕೆಲಸ ಮಾಡುವವನು ನಾನು. ಅಲ್ಲಿ ಮುಂಜಾನೆ ಒಂಬತ್ತು ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ. ಮಾರ್ಚ್ ಎರಡನೇ ಭಾನುವಾರದಿಂದ ಆರೂವರೆ. ನವೆಂಬರ್ ಮೊದಲ ಭಾನುವಾರದ ತನಕ ಹೀಗೇ. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಎಂಟು ತಿಂಗಳು ಡಿಎಸ್‌ಟಿ (ಡೇಲೈಟ್ ಸೇವಿಂಗ್ ಟೈಮ್, ಹೀಗೆ ಒಂದು ತಾಸು ಮುಂದಿಟ್ಟ ಗಡಿಯಾರ), ನಾಲ್ಕೇ ತಿಂಗಳು ಅಸಲಿ ಟೈಮು. 2007ಕ್ಕಿಂತ ಮೊದಲು ಇಷ್ಟು ಉದ್ದ ಇರಲಿಲ್ಲ, ಆಮೇಲೆ ಎರಡೂ ಕಡೆ ಎಳೆದರು.

ನೆನಪಿಡಲು ನನ್ನದೊಂದು ಉಪಾಯ: ಮಾರ್ಚ್, ಮುಂದೆ. ಎರಡಕ್ಕೂ ಮ. ಅವರು ಮುಂದೆ ಹೋದರೆ ನಮಗೆ ಕ್ಲಾಸು ಲಗೂ ಬರುತ್ತದೆ.

ಅವ್ವನಿಗೆ ಮಾತ್ರ ಇದನ್ನು ತಿಳಿಸಲು ಆಗಿಲ್ಲ. ಅವಳು ರೊಟ್ಟಿ ಬಡಿಯಲು ಕೂಡುವ ಹೊತ್ತಿಗೆ ನಾನು ಹೆಡ್‌ಫೋನ್ ಹಾಕಿಕೊಂಡಿರುತ್ತೇನೆ. ‘ಮೊನ್ನಿ ತನಕ ಉಂಡು ಕೂಡತಿದ್ದಿ, ಈಗೇನಾತು?’ ಅಮೆರಿಕದಲ್ಲಿ ಟೈಮ್ ಬದಲಾಗಿದೆ ಅಂದರೆ, ‘ಅವರದು ಬದಲಾದ್ರ ಅವರು ಲಗೂ ಉಣ್ಣಲಿ, ನೀ ಯಾಕ?’ ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಫೀನಿಕ್ಸ್_ಕೇಶ್ವಾಪುರ
ಮುಂಜಾನೆ 10:02

ಅವ್ವನಿಗೆ ನನ್ನ ಓಟು!

ಅಕ್ಕೋರೇ, ನಾನು ಫೀನಿಕ್ಸ್‌ನಲ್ಲಿದ್ದೇನೆ, ತವರುಮನೆ ಕೇಶ್ವಾಪುರ. ನಮ್ಮ ಅರಿಜೋನಾದಲ್ಲಿ ಡಿಎಸ್‌ಟಿ ಇಲ್ಲ. 1967ರಲ್ಲಿ ಒಂದೇ ಒಂದು ಬೇಸಿಗೆ ಮಾಡಿ ನೋಡಿದರು, ಮರುವರ್ಷ ಕೈಬಿಟ್ಟರು. ಕಾರಣ ಸರಳ, ಬಿಸಿಲು. ಜೂನ್‌ನಲ್ಲಿ 43, 44 ಡಿಗ್ರಿ ಇಲ್ಲಿ ಮಾಮೂಲು. ಯಾವಾಗ ಸೂರ್ಯ ಮುಳುಗುತ್ತಾನೋ, ಯಾವಾಗ ಮಕ್ಕಳನ್ನು ಹೊರಗೆ ಬಿಡುತ್ತೇವೋ ಅಂತ ಕಾಯುವ ಮಂದಿಗೆ ಸಂಜೆ ಇನ್ನೊಂದು ತಾಸು ಬೆಳಕು ಯಾಕೆ ಬೇಕು? ಹಾಗಾಗಿ ಬೇಸಿಗೆಯಲ್ಲಿ ನಮ್ಮದೂ ಲಾಸ್ ಏಂಜಲೀಸ್‌ನದೂ ಒಂದೇ ಟೈಮು, ಚಳಿಗಾಲದಲ್ಲಿ ಡೆನ್ವರ್‌ನ ಟೈಮು. ಹುಬ್ಬಳ್ಳಿಗೂ ನಮಗೂ ಮಾತ್ರ ವರ್ಷಪೂರ್ತಿ ಹನ್ನೆರಡೂವರೆ ತಾಸು ಅಂತರ. ಫೋನು ನೋಡಲೇಬೇಕಾಗಿಲ್ಲ. ನಮ್ಮ ರಾತ್ರಿಯನ್ನು ಹಗಲು ಅಂದುಕೊಂಡು ಅರ್ಧ ತಾಸು ಕೂಡಿಸಿದರೆ ನಿಮ್ಮ ಟೈಮು.

ಇಲ್ಲೇ ಇನ್ನೊಂದು ಮಜಾ ಇದೆ. ರಾಜ್ಯದ ಈಶಾನ್ಯ ಮೂಲೆಯಲ್ಲಿ ನವಾಹೋ ಬುಡಕಟ್ಟಿನವರ ನಾಡಿದೆ. ಅದು ಪಕ್ಕದ ರಾಜ್ಯಗಳಿಗೂ ಹಬ್ಬಿರುವುದರಿಂದ ಅವರು ಡಿಎಸ್‌ಟಿ ಪಾಲಿಸುತ್ತಾರೆ. ಅವರ ನಾಡಿನ ಹೊಟ್ಟೆಯೊಳಗೆ ಹೋಪಿ ಬುಡಕಟ್ಟಿನವರ ನಾಡು, ಅವರು ಪಾಲಿಸುವುದಿಲ್ಲ. ಕಣಕದೊಳಗೆ ಹೂರಣ, ಹೂರಣದೊಳಗೆ ಮತ್ತೆ ಕಣಕ! ಒಂದು ಜುಲೈನಲ್ಲಿ ಆ ಕಡೆ ಕಾರಿನಲ್ಲಿ ಹೋದಾಗ ಫೋನಿನ ಟೈಮ್ ಹಿಂದೆ ಮುಂದೆ ಹಾರುತ್ತಲೇ ಇತ್ತು. ನಮ್ಮವರು ಕೊನೆಗೆ ‘ಹಸಿವಾದಾಗ ಉಣ್ಣೋಣ’ ಅಂದರು.

ಗದುಗಿನ_ಗಾಳಿ
ಮುಂಜಾನೆ 10:20

ಎಲ್ಲರೂ ಬೈಯುತ್ತಿದ್ದೀರಿ. ಡಿಎಸ್‌ಟಿ ಒಳ್ಳೆಯ ವಿಚಾರ. ಬೆಂಜಮಿನ್ ಫ್ರಾಂಕ್ಲಿನ್ ಕಂಡುಹಿಡಿದದ್ದು, ರೈತರಿಗೆ ಅನುಕೂಲ ಆಗಲಿ ಅಂತ. ನಮ್ಮಲ್ಲೂ ಮಾಡಿದರೆ ಕರೆಂಟ್ ಉಳಿಯುತ್ತದೆ. ನಮ್ಮ ಮಂದಿಗೆ ಶಿಸ್ತು ಇಲ್ಲ ಅಷ್ಟೇ.

ಸವಣೂರು_ಎಲೆ
ಮುಂಜಾನೆ 10:26

ಯಾವ ರೈತರಿಗೆ ರೀ? ನನ್ನ ಹತ್ತಿರ ಎರಡು ಎಮ್ಮೆ ಇವೆ. ಐದೂವರೆಗೆ ಹಿಂಡುತ್ತೇನೆ. ನಾಳೆ ಸರಕಾರ ಗಡಿಯಾರ ಮುಂದೆ ಮಾಡಿದರೆ ಡೇರಿಯವನು ಒಂದು ತಾಸು ಮೊದಲೇ ಕ್ಯಾನ್ ಮುಚ್ಚುತ್ತಾನೆ. ಎಮ್ಮೆ ಮೊದಲೇ ತೊರೆ ಬಿಡುತ್ತದಾ? ಕರು ಬಿಟ್ಟರೂ ಬಿಡುವುದಿಲ್ಲ, ಒದೆಯುತ್ತದೆ. ಬಂದು ನೋಡಿ ಒಮ್ಮೆ.

ಹಾವೇರಿ_ಮಾಸ್ತರ
ಮುಂಜಾನೆ 10:58

ಎಮ್ಮೆ ಹೇಳುವುದೇ ಸರಿ. ಗದುಗಿನವರೇ, ಎರಡೂ ತಪ್ಪು ಹೇಳಿದಿರಿ.

ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸ್ ಪತ್ರಿಕೆಯೊಂದಕ್ಕೆ ಬರೆದದ್ದು ಚೇಷ್ಟೆಯ ಪತ್ರ. ಪ್ಯಾರಿಸ್ ಮಂದಿ ಲಗೂ ಎದ್ದರೆ ಎಷ್ಟು ಮೇಣದ ಬತ್ತಿ ಉಳಿಯುತ್ತದೆ ಅಂತ ಲೆಕ್ಕ ಹಾಕಿ ನಗಿಸಿದ. ಗಡಿಯಾರ ತಿರುಗಿಸಿ ಅಂತ ಅವನು ಹೇಳಲೇ ಇಲ್ಲ. ಅದನ್ನು ಹೇಳಿದವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್, 1895ರಲ್ಲಿ. ಅವನು ಕೀಟ ಸಂಗ್ರಹ ಮಾಡುವ ಹುಚ್ಚಿನವನು. ಕೆಲಸ ಮುಗಿಸಿ ಬಂದ ಮೇಲೆ ಹುಳ ಹಿಡಿಯಲು ಬೆಳಕು ಬೇಕಿತ್ತು! ಒಂದಲ್ಲ, ಎರಡು ತಾಸು ಮುಂದೆ ಮಾಡಿ ಅಂದ. ಇಂಗ್ಲೆಂಡಿನಲ್ಲಿ ವಿಲಿಯಂ ವಿಲೆಟ್ ಅನ್ನುವ ಮನೆ ಕಟ್ಟಿಸುವವನು 1907ರಲ್ಲಿ ಇದನ್ನೇ ಹಿಡಿದು ಓಡಾಡಿದ. ಯಾರೂ ಕೇಳಲಿಲ್ಲ. ಕೊನೆಗೆ ದೇಶಕ್ಕೆ ದೇಶವೇ ಗಡಿಯಾರ ತಿರುಗಿಸಿದ್ದು ಯುದ್ಧದಿಂದ. 1916ರ ಏಪ್ರಿಲ್ 30ಕ್ಕೆ ಜರ್ಮನಿ, ಕಲ್ಲಿದ್ದಲು ಉಳಿಸಲು. ಮೂರು ವಾರಕ್ಕೆ ಬ್ರಿಟನ್. 1918ರಲ್ಲಿ ಅಮೆರಿಕ. ಅಲ್ಲಿನ ರೈತರು ಗಲಾಟೆ ಮಾಡಿ ಮರುವರ್ಷವೇ ಕಾನೂನು ತೆಗೆಸಿದರು. ರೈತರಿಗೆ ಮಾಡಿದ್ದಲ್ಲ, ರೈತರು ವಿರೋಧಿಸಿದ್ದು.

ಗದುಗಿನ_ಗಾಳಿ
ಮುಂಜಾನೆ 11:04

ಸರಿ ಮಾಸ್ತರೇ, ಇತಿಹಾಸ ನಿಮಗೇ ಇರಲಿ. ಕರೆಂಟಿನ ವಿಚಾರಕ್ಕೆ ಉತ್ತರ ಹೇಳಲಿಲ್ಲವಲ್ಲ?

ಹಾವೇರಿ_ಮಾಸ್ತರ
ಮುಂಜಾನೆ 11:31

ಹೇಳುತ್ತೇನೆ. ಉಳಿಸಲು ಮೊದಲು ಏನಾದರೂ ಇರಬೇಕಲ್ಲ. ಶಿಕಾಗೋದಲ್ಲಿ ಜೂನ್‌ನಲ್ಲಿ ಹಗಲು 15 ತಾಸಿನ ಮೇಲೆ, ಡಿಸೆಂಬರಿನಲ್ಲಿ ಒಂಬತ್ತು ಚಿಲ್ಲರೆ. ಲಂಡನ್ನಿನಲ್ಲಿ ಜೂನ್‌ನಲ್ಲಿ ಹದಿನಾರೂವರೆ, ಡಿಸೆಂಬರಿನಲ್ಲಿ ಎಂಟಕ್ಕೂ ಕಡಿಮೆ. ಗಡಿಯಾರ ಮುಟ್ಟದೇ ಬಿಟ್ಟರೆ ಜೂನ್‌ನಲ್ಲಿ ಅಲ್ಲಿ ನಾಲ್ಕಕ್ಕೂ ಮೊದಲೇ ಸೂರ್ಯ ಹುಟ್ಟುತ್ತಾನೆ. ಊರೆಲ್ಲ ಮಲಗಿರುವಾಗ ಬೆಳಕು ಸುಮ್ಮನೆ ಹೋಯಿತು. ಅದನ್ನು ಎತ್ತಿ ಸಂಜೆಗೆ ಇಡುವುದೇ ಈ ಆಟ.

ಈಗ ನಮ್ಮ ಕಡೆ ನೋಡಿ. ನಮ್ಮ ಉದ್ದದ ಹಗಲು ಸುಮಾರು 13 ತಾಸು, ಗಿಡ್ಡ ಹಗಲು 11 ಕಾಲು ತಾಸು. ಹುಬ್ಬಳ್ಳಿಯಲ್ಲಿ ಜೂನ್‌ನಲ್ಲೂ ಸೂರ್ಯ ಹುಟ್ಟುವುದು ಆರರ ಸುಮಾರಿಗೆ, ಜನವರಿ ಕೊನೆಗೆ ಏಳು ದಾಟುತ್ತದೆ. ಗಡಿಯಾರ ಒಂದು ತಾಸು ಮುಂದೆ ತಳ್ಳಿದರೆ ಬೇಸಿಗೆಯಲ್ಲಿ ಏಳಕ್ಕೆ ಸೂರ್ಯೋದಯ. ಏನು ಉಳಿಯಿತು? ಮುಂಜಾನೆ ಲೈಟ್ ಹಾಕಿ ಚಹಾ ಕಾಯಿಸುವುದು, ಅಷ್ಟೇ.

ಸಾಲದ್ದಕ್ಕೆ, ಅಮೆರಿಕದವರು 1974ರ ಜನವರಿಯಲ್ಲಿ ಇದನ್ನು ವರ್ಷಪೂರ್ತಿ ಮಾಡಿ ನೋಡಿದರು. ಎಣ್ಣೆ ಬಿಕ್ಕಟ್ಟಿನ ಹೊತ್ತು ಅದು. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗುವುದು ನೋಡಿ ಮಂದಿ ಸಿಟ್ಟಾದರು, ಅದೇ ವರ್ಷ ಅಕ್ಟೋಬರಿನಲ್ಲಿ ಹಳೆಯದಕ್ಕೇ ಬಂದರು. 2022ರ ಮಾರ್ಚಿನಲ್ಲಿ ಅಲ್ಲಿನ ಸೆನೆಟ್ ಮತ್ತೆ ವರ್ಷಪೂರ್ತಿಯ ಮಸೂದೆ ಪಾಸು ಮಾಡಿತು, ಕೆಳಮನೆಯಲ್ಲಿ ನಿಂತುಹೋಯಿತು.

ಮೀಟರ್‌ಗೇಜ್_ಕಾಕಾ
ಮಧ್ಯಾಹ್ನ 12:40

ರೈಲ್ವೆಯಲ್ಲಿ 34 ವರ್ಷ ಗಾರ್ಡ್ ಆಗಿದ್ದವನು ನಾನು, ಟೈಮಿನ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ.

‘ಅಸಲಿ ಟೈಮು’ ಅಂತ ಮೇಲೆ ಯಾರೋ ಬರೆದರು. ನಮ್ಮದು ಅಸಲಿ ಅಂದುಕೊಂಡಿದ್ದೀರಾ? ಭಾರತದ ಟೈಮು ಮಿರ್ಜಾಪುರದ ಹತ್ತಿರ ಹೋಗುವ ಎಂಬತ್ತೆರಡೂವರೆ ಡಿಗ್ರಿ ರೇಖೆಯದು. ಧಾರವಾಡ ಇರುವುದು ಸರಿಯಾಗಿ 75 ಡಿಗ್ರಿಯ ಮೇಲೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಏಳೂವರೆ ಡಿಗ್ರಿಗೆ ಮೂವತ್ತು. ಅಂದರೆ ನಿಮ್ಮ ಗಡಿಯಾರ ಹುಟ್ಟಿದಾಗಿನಿಂದ ಅರ್ಧ ತಾಸು ಮುಂದಿದೆ. ಗದುಗಿನವರೇ, ಡಿಎಸ್‌ಟಿ ಬೇಕು ಅಂತೀರಿ, ಅರ್ಧ ಡಿಎಸ್‌ಟಿ ವರ್ಷಪೂರ್ತಿ ಪುಕ್ಕಟೆ ಸಿಗುತ್ತಿದೆ. ನಂಬಿಕೆ ಇಲ್ಲದಿದ್ದರೆ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ. ನೆರಳು ಗಿಡ್ಡ ಆಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಆಸುಪಾಸು. ಫೆಬ್ರುವರಿಯಲ್ಲಿ ಇನ್ನೂ ತಡ, ನವೆಂಬರಿನಲ್ಲಿ ಸ್ವಲ್ಪ ಬೇಗ. ನಾನು ರಿಟೈರ್ ಆದ ಮೇಲೆ ಮಾಡಿದ ಮೊದಲ ಕೆಲಸ ಇದು. ಮನೆಯವಳು ಬಟ್ಟೆ ಒಣಹಾಕಲು ಕೋಲು ಅಂದುಕೊಂಡು ಹಗ್ಗ ಕಟ್ಟಿದಳು, ಅದು ಬೇರೆ ಕಥೆ.

ಹಿಂದೆ ಎಲ್ಲರಿಗೂ ಒಂದೇ ಟೈಮ್ ಇರಲೇ ಇಲ್ಲ. ಮುಂಬೈ ಟೈಮು ಲಂಡನ್ನಿನ ಗ್ರೀನಿಚ್‌ ಟೈಮಿಗಿಂತ 4 ತಾಸು 51 ನಿಮಿಷ ಮುಂದೆ. ಕಲ್ಕತ್ತಾ ಟೈಮು 5 ತಾಸು 53 ನಿಮಿಷ. ರೈಲ್ವೆ ಓಡುತ್ತಿದ್ದದ್ದು ಇವೆರಡರ ನಡುವಿನ ಮದ್ರಾಸ್ ಟೈಮಿನಲ್ಲಿ, 5 ತಾಸು 21 ನಿಮಿಷ. ಈಗಿನ ಕರ್ನಾಟಕ ಕಾಲೇಜಿನ ಕಟ್ಟಡ ಇದೆಯಲ್ಲ, ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಆಗಿತ್ತು. ಊರು ಮುಂಬೈ ಪ್ರಾಂತದ್ದು, ರೈಲು ಮದ್ರಾಸ್ ಟೈಮಿನದು, ನೆತ್ತಿಯ ಮೇಲಿನ ಸೂರ್ಯ ಇವೆರಡಕ್ಕೂ ಸೇರಿದವನಲ್ಲ. 1906ರ ಜನವರಿ 1ಕ್ಕೆ ಐದೂವರೆ ತಾಸಿನ ಒಂದೇ ಟೈಮು ಬಂತು. ಆದರೂ ಕಲ್ಕತ್ತಾದವರು 1948ರ ತನಕ, ಮುಂಬೈಯವರು 1955ರ ತನಕ ತಮ್ಮದನ್ನು ಬಿಡಲಿಲ್ಲ.

ಇನ್ನೊಂದು. ನಮ್ಮಲ್ಲಿ ಡಿಎಸ್‌ಟಿ ಆಗಿಯೇ ಇಲ್ಲ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರ ತನಕ ಇಡೀ ದೇಶದ ಗಡಿಯಾರ ಒಂದು ತಾಸು ಮುಂದಿತ್ತು.

ಚುರುಮುರಿ_ಚಿಕ್ಕಪ್ಪ
ಮಧ್ಯಾಹ್ನ 12:47

ಕಾಕಾ, ಒಂದು ಅನುಮಾನ. ಅರ್ಧ ತಾಸು ಕಳೆದರೆ ಗ್ರೀನಿಚ್‌ಗಿಂತ ಐದು ತಾಸು ಆಯಿತು. ಅದು ಪಾಕಿಸ್ತಾನದ ಟೈಮ್ ಅಲ್ವಾ?

ಗದುಗಿನ_ಗಾಳಿ
ಮಧ್ಯಾಹ್ನ 12:49

ಬಂತು ನೋಡಿ! ಧಾರವಾಡದವರನ್ನು ಕರಾಚಿ ಟೈಮಿಗೆ ಕಳಿಸಿದರು ಕಾಕಾ!

ಮೀಟರ್‌ಗೇಜ್_ಕಾಕಾ
ಮಧ್ಯಾಹ್ನ 12:55

ಮಾಲ್ಡೀವ್ಸ್ ಟೈಮೂ ಅದೇ. ಸಮುದ್ರ ದಂಡೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ, ಸಿಟ್ಟು ಇಳಿಯುತ್ತದೆ.

ವೇದಿಕೆ_ನಿರ್ವಾಹಕ
ಮಧ್ಯಾಹ್ನ 1:20

ಮುಂದಿನ ಒಂಬತ್ತು ಉತ್ತರಗಳನ್ನು ತೆಗೆದಿದ್ದೇನೆ. ಗಡಿಯಾರದ ಬಗ್ಗೆ ಮಾತಾಡಿ, ಗಡಿಯ ಬಗ್ಗೆ ಬೇಡ.

ಲ್ಯಾನ್ಸ್‌ನಾಯಕ್_ರಾಣೇಬೆನ್ನೂರು
ಮಧ್ಯಾಹ್ನ 2:15

ನಾವು ಅರ್ಧ ತಾಸಿಗೆ ಇಷ್ಟು ಮಾತಾಡುತ್ತಿದ್ದೇವೆ. ನಾನು ಸೇನೆಯಲ್ಲಿದ್ದಾಗ ಅಸ್ಸಾಮಿನ ತೇಜ್‌ಪುರದ ಕಡೆ ಇದ್ದೆ. ಜೂನ್‌ನಲ್ಲಿ ಅಲ್ಲಿ ನಾಲ್ಕೂವರೆಗೂ ಮೊದಲೇ ಸೂರ್ಯ ಹುಟ್ಟಿಬಿಡುತ್ತಾನೆ. ಕಚೇರಿ ಮಾತ್ರ ಹತ್ತಕ್ಕೇ. ಚಳಿಗಾಲದಲ್ಲಿ ಐದಕ್ಕೆಲ್ಲ ಕತ್ತಲೆ. ಚಹಾ ತೋಟದವರು ಇದನ್ನು ಸರಕಾರ ಮಾಡಲಿ ಅಂತ ಕಾದು ಕೂತಿಲ್ಲ, ತಮ್ಮದೇ ‘ಬಾಗಾನ್ ಟೈಮ್’ ಇಟ್ಟುಕೊಂಡಿದ್ದಾರೆ, ನಮ್ಮ ಟೈಮಿಗಿಂತ ಒಂದು ತಾಸು ಮುಂದೆ. 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಈಶಾನ್ಯಕ್ಕೆ ಬೇರೆ ಟೈಮ್ ಕೊಡಬಹುದು, ಬಂಗಾಳ ಅಸ್ಸಾಂ ಗಡಿಯಲ್ಲಿ ಗೆರೆ ಎಳೆಯಬಹುದು ಅಂತ ಬರೆದರು. ಆಗಲಿಲ್ಲ. ನನ್ನ ಪ್ರಕಾರ ಆಗಬೇಕು.

ಮೀಟರ್‌ಗೇಜ್_ಕಾಕಾ
ಮಧ್ಯಾಹ್ನ 2:31

ಬೇಡವೇ ಬೇಡ. ಸಿಂಗಲ್ ಲೈನಿನಲ್ಲಿ ಎರಡು ಟೈಮು ಬಂದರೆ ಏನಾಗುತ್ತದೆ ಅಂತ ಗಾರ್ಡ್ ಆದವನಿಗೆ ಕೇಳಿ. ಅಮೆರಿಕದಲ್ಲೂ ಟೈಮ್ ಝೋನ್ ಮಾಡಿದ್ದು ಸರಕಾರವಲ್ಲ, ರೈಲ್ವೆ ಕಂಪನಿಗಳು, 1883ರ ನವೆಂಬರ್ 18ಕ್ಕೆ. ಅದಕ್ಕಿಂತ ಮೊದಲು ಊರಿಗೊಂದು ಟೈಮು. ಈಗ ಅಲ್ಲಿ ನವೆಂಬರಿನಲ್ಲಿ ಗಡಿಯಾರ ಹಿಂದೆ ಹೋಗುವ ರಾತ್ರಿ ದೂರದ ಪ್ಯಾಸೆಂಜರ್ ರೈಲುಗಳು ಎರಡು ಗಂಟೆಗೆ ದಾರಿಯಲ್ಲಿ ನಿಂತು ಒಂದು ತಾಸು ಕಾಯುತ್ತವೆ. ಇಲ್ಲದಿದ್ದರೆ ಟೈಮಿಗಿಂತ ಮೊದಲೇ ಸ್ಟೇಶನ್ ಮುಟ್ಟುತ್ತವಲ್ಲ! ಮಾರ್ಚಿನಲ್ಲಿ ಏನೂ ಮಾಡದೇ ಒಂದು ತಾಸು ಲೇಟ್. ನಮ್ಮಲ್ಲಿ ಲೇಟ್ ಆಗಲು ಅಷ್ಟೆಲ್ಲ ಕಷ್ಟ ಪಡಬೇಕಾಗಿಲ್ಲ.

ಲ್ಯಾನ್ಸ್‌ನಾಯಕ್_ರಾಣೇಬೆನ್ನೂರು
ಮಧ್ಯಾಹ್ನ 2:38

ಅಮೆರಿಕದಲ್ಲಿ ಝೋನಿನಿಂದ ಝೋನಿಗೆ ದಾಟಿ ರೈಲು ಓಡುತ್ತದೆ. ನಮ್ಮ ಗಾರ್ಡ್‌ಗಳು ಅಷ್ಟು ದಡ್ಡರಾ ಕಾಕಾ?

ಮೀಟರ್‌ಗೇಜ್_ಕಾಕಾ
ಮಧ್ಯಾಹ್ನ 2:40

ಇದಕ್ಕೆ ಸಂಜೆ ಉತ್ತರ ಕೊಡುತ್ತೇನೆ. ಈಗ ಊಟಕ್ಕೆ ಕರೆಯುತ್ತಿದ್ದಾರೆ, ಸೂರ್ಯನ ಪ್ರಕಾರ ಎರಡೂ ಹತ್ತು.

ಡೀಬಗ್_ಧಾರವಾಡ
ಸಂಜೆ 5:48

ಅಕ್ಕೋರು ಕೇಳಿದ್ದಕ್ಕೆ ಇನ್ನೂ ಯಾರೂ ಸರಿಯಾಗಿ ಉತ್ತರಿಸಿಲ್ಲ ಅಲ್ವಾ? ನಾನು ಸಾಫ್ಟ್‌ವೇರ್‌ನವನು, ಈ ಟೈಮ್ ಝೋನಿನಿಂದ ತಲೆ ಕೆಡಿಸಿಕೊಂಡವನು.

‘ಶಿಕಾಗೋಕ್ಕೂ ನಮಗೂ ಹನ್ನೊಂದೂವರೆ ತಾಸು’ ಅಂತ ಅಂತರವನ್ನು ಬಾಯಿಪಾಠ ಮಾಡಬೇಡಿ. ಅಂತರ ಬದಲಾಗುತ್ತದೆ, ಊರಿನ ಹೆಸರು ಬದಲಾಗುವುದಿಲ್ಲ. ಫೋನಿನ ಕ್ಯಾಲೆಂಡರಿನಲ್ಲಿ ಕ್ಲಾಸು ಹಾಕುವಾಗ ಕೆಳಗೆ ಟೈಮ್ ಝೋನ್ ಅಂತ ಇರುತ್ತದೆ. ಅದರಲ್ಲಿ ಶಿಕಾಗೋ ಆರಿಸಿ, ‘ಶನಿವಾರ ರಾತ್ರಿ 8, ಪ್ರತಿ ವಾರ’ ಅಂತ ಬರೆಯಿರಿ. ನಿಮ್ಮ ಫೋನಿನಲ್ಲಿ ಅದು ಚಳಿಗಾಲದಲ್ಲಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ ಅಂತ ತಾನೇ ತೋರಿಸುತ್ತದೆ. ಫೋನಿನೊಳಗೆ ಇದಕ್ಕೆಂದೇ ಊರುಗಳ ದೊಡ್ಡ ಪಟ್ಟಿ ಇದೆ, ಯಾವ ಊರು ಯಾವ ವರ್ಷ ಯಾವಾಗ ಗಡಿಯಾರ ತಿರುಗಿಸಿತು ಅಂತ. ನಮ್ಮ ಹುಬ್ಬಳ್ಳಿ ಧಾರವಾಡಕ್ಕೆ ಅದರಲ್ಲಿ ‘ಏಷ್ಯಾ, ಕೋಲ್ಕತಾ’ ಅಂತ ಹೆಸರು. ಕಾಕಾಗೆ ಬೇಜಾರಾಗಬಹುದು.

ಇನ್ನೊಂದು ಗುಂಡಿ: ನ್ಯೂಯಾರ್ಕ್ ಕಡೆಯ ಟೈಮಿಗೆ ‘ಇಎಸ್‌ಟಿ’ ಅಂತ ಬರೆಯಬೇಡಿ. ಅದರಲ್ಲಿನ ಎಸ್ ಅಂದರೆ ಸ್ಟ್ಯಾಂಡರ್ಡ್, ಚಳಿಗಾಲದ ಟೈಮು. ಬೇಸಿಗೆಯಲ್ಲಿ ನ್ಯೂಯಾರ್ಕ್ ಇರುವುದು ಇಡಿಟಿಯಲ್ಲಿ, ಡಿ ಅಂದರೆ ಡೇಲೈಟ್. ಒಬ್ಬ ಗಿರಾಕಿ ಜುಲೈನಲ್ಲಿ ‘ಇಎಸ್‌ಟಿ 9’ ಅಂತ ಬರೆದಿದ್ದ. ನಾನು ಅಕ್ಷರಶಃ ಹಿಡಿದು ಏಳೂವರೆಗೆ ಫೋನ್ ಮಾಡಿದೆ, ಅವನು ಆರೂವರೆಗೆ ಕಾದು ಎದ್ದು ಹೋಗಿದ್ದ. ನಾನು ಸರಿ, ಕೆಲಸ ಹೋಯಿತು.

ನೈಟ್‌ಶಿಫ್ಟ್_ನವನಗರ
ಸಂಜೆ 6:10

ಅದನ್ನು ಇಲ್ಲಿ ತಪ್ಪದೆ ಹೇಳಿದ್ದು ಒಳ್ಳೆಯದಾಯಿತು. ನಮ್ಮ ಮ್ಯಾನೇಜರ್ ವರ್ಷಪೂರ್ತಿ ಇಎಸ್‌ಟಿ ಅಂತಲೇ ಬರೆಯುತ್ತಾನೆ. ನಾವು ಅವನ ಮನಸ್ಸು ಓದುತ್ತೇವೆ.

ಮ್ಯೂನಿಕ್_ಮಿರ್ಚಿ
ರಾತ್ರಿ 9:15

ಯುರೋಪಿನಲ್ಲಿ ಇಷ್ಟು ಗೊಂದಲ ಇಲ್ಲ. ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ, ಗ್ರೀನಿಚ್ ಟೈಮ್ ಒಂದು ಗಂಟೆಗೆ ಹತ್ತಿರ ಹತ್ತಿರ ಎಲ್ಲ ದೇಶಗಳೂ ಒಟ್ಟಿಗೆ ತಿರುಗಿಸುತ್ತವೆ. ಅಮೆರಿಕದಲ್ಲಿ ಹಾಗಲ್ಲ, ಅವರವರ ರಾತ್ರಿ ಎರಡಕ್ಕೆ. ಅದಕ್ಕೇ ಈಗ ಮೂರು ವಾರ ನ್ಯೂಯಾರ್ಕಿಗೂ ಲಂಡನ್ನಿಗೂ ಐದು ತಾಸಿನ ಬದಲು ನಾಲ್ಕೇ ತಾಸು ಅಂತರ.

ಇಲ್ಲಿಯೂ ಮಂದಿಗೆ ಸಾಕಾಗಿದೆ. 2018ರಲ್ಲಿ ಅಭಿಪ್ರಾಯ ಕೇಳಿದಾಗ 46 ಲಕ್ಷ ಮಂದಿ ಉತ್ತರಿಸಿದರು, ನೂರಕ್ಕೆ 84 ಮಂದಿ ‘ನಿಲ್ಲಿಸಿ’ ಅಂದರು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಮ್ಮ ಜರ್ಮನಿಯವರೇ ಅನ್ನಿ. 2019ರಲ್ಲಿ ಯುರೋಪಿನ ಸಂಸತ್ತು 2021ಕ್ಕೆ ನಿಲ್ಲಿಸೋಣ ಅಂತ ಮತ ಹಾಕಿತು. ಬೇಸಿಗೆ ಟೈಮ್ ಇಟ್ಟುಕೊಳ್ಳುವುದಾ ಚಳಿಗಾಲದ್ದಾ ಅಂತ ದೇಶಗಳು ಒಪ್ಪಲಿಲ್ಲ. ಈಗಲೂ ತಿರುಗಿಸುತ್ತಲೇ ಇದ್ದೇವೆ. ಸ್ಪೇನ್ ಕಥೆ ಇನ್ನೂ ಮಜಾ. ನಕ್ಷೆಯಲ್ಲಿ ಲಂಡನ್ನಿನ ಕೆಳಗಿದೆ, ಗಡಿಯಾರ ಮಾತ್ರ 1940ರಿಂದ ಬರ್ಲಿನ್‌ದು. ರಾತ್ರಿ ಹತ್ತಕ್ಕೆ ಊಟ ಮಾಡುತ್ತಾರೆ ಅಂತ ನಗುತ್ತೇವೆ, ಸೂರ್ಯನ ಪ್ರಕಾರ ಬೇಸಿಗೆಯಲ್ಲಿ ಅದು ಎಂಟೂ ಆಗಿರುವುದಿಲ್ಲ.

ಸವಣೂರು_ಎಲೆ
ರಾತ್ರಿ 9:22

ಮ್ಯೂನಿಕ್‌ನಲ್ಲಿ ಮಿರ್ಚಿ ಸಿಗುತ್ತದಾ?

ಮ್ಯೂನಿಕ್_ಮಿರ್ಚಿ
ರಾತ್ರಿ 9:24

ಇಲ್ಲ ಅಂತಲೇ ಈ ಹೆಸರು.

ಪಂಚಾಂಗದ_ಅಜ್ಜ
ಸೋಮವಾರ 16 ಮಾರ್ಚ್, ಮುಂಜಾನೆ 6:50

ಕಾಕಾ ಹೇಳಿದ ಅರ್ಧ ತಾಸು ನಮಗೆ ಹೊಸದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು ಅಂತ ಇರುತ್ತದೆ. ಅದು ಆರಕ್ಕೆ ಸೂರ್ಯೋದಯ, ಆರಕ್ಕೆ ಸೂರ್ಯಾಸ್ತ ಅಂತ ಹಿಡಿದ ಲೆಕ್ಕ. ರಾಹುಕಾಲ ಅಂದರೆ ಹಗಲಿನ ಎಂಟು ಪಾಲಿನಲ್ಲಿ ಒಂದು. ಧಾರವಾಡದಲ್ಲಿ ಜನವರಿ ಕೊನೆಯ ಸೋಮವಾರ ಅದು ಶುರುವಾಗುವುದೇ ಎಂಟೂವರೆ ಹತ್ತಿರ. ಮಂದಿ ಏಳೂವರೆಗೆ ಬಾಗಿಲು ಹಾಕಿ ಕೂತು, ಒಂಬತ್ತಕ್ಕೆ ಸರಿಯಾಗಿ ರಾಹುವಿನ ಬಾಯಿಗೇ ಹೊರಡುತ್ತಾರೆ.

ಅಮೆರಿಕದಿಂದಲೂ ಕೇಳುತ್ತಾರೆ, ‘ಅಜ್ಜಾರೇ, ಇಲ್ಲಿ ಡಿಎಸ್‌ಟಿ ಬಂದಿದೆ, ಏಕಾದಶಿ ಬದಲಾಗುತ್ತದಾ?’ ತಿಥಿ ಶುರುವಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ. ಸೂರ್ಯೋದಯ ಮಾತ್ರ ಊರಿಗೊಂದು. ಅದಕ್ಕೇ ಕೆಲವು ಸಲ ಅಲ್ಲಿನ ಏಕಾದಶಿ ನಮ್ಮದಕ್ಕಿಂತ ಒಂದು ದಿನ ಆಚೀಚೆ. ಗಡಿಯಾರ ತಿರುಗಿಸಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಾತು, ಗದುಗಿನವರಿಗೆ ಸಂತೋಷ ಆಗಲಿ ಅಂತ. ನಮ್ಮ ಹಳೆಯ ಜ್ಯೋತಿಷಿಗಳು ಗ್ರೀನಿಚ್ ಬದಲು ಉಜ್ಜಯಿನಿಯ ರೇಖೆ ಹಿಡಿಯುತ್ತಿದ್ದರು. ಗದಗ ಹತ್ತಿರ ಹತ್ತಿರ ಅದೇ ರೇಖೆಯ ಮೇಲಿದೆ, ಒಂದು ನಿಮಿಷವೂ ಫರಕಿಲ್ಲ.

ಗದುಗಿನ_ಗಾಳಿ
ಮುಂಜಾನೆ 7:30

ಅಜ್ಜಾರಿಗೆ ನಮಸ್ಕಾರ. ಇನ್ನು ಮೇಲೆ ಎಲ್ಲರೂ ಗದಗ ಟೈಮು ಪಾಲಿಸತಕ್ಕದ್ದು.

ಮಾಳಮಡ್ಡಿ_ತಂಬೂರಿ
ಮುಂಜಾನೆ 8:10

ಅಬ್ಬಾ, ಒಂದು ದಿನ ನೋಡದೇ ಇದ್ದರೆ ಇಷ್ಟು! ಡೀಬಗ್ ಅಣ್ಣಾ, ನಿಮ್ಮ ಮಾತಿನಂತೆ ಎಲ್ಲ ಕ್ಲಾಸುಗಳನ್ನೂ ಊರಿನ ಹೆಸರಿನಲ್ಲಿ ಹಾಕಿದೆ. ಶಿಕಾಗೋ ಹುಡುಗಿಗೆ ಈ ವಾರ ಒಂದು ಕ್ಲಾಸು ಜಾಸ್ತಿ ಕೊಡುತ್ತೇನೆ.

ಆದರೆ ಇನ್ನೊಂದು ತೊಡಕು. ನಮ್ಮಲ್ಲಿ ರಾಗಕ್ಕೆ ಹೊತ್ತು ಇದೆ. ಭೈರವ ಬೆಳಗಿನದು, ಯಮನ್ ಸಂಜೆ ಕತ್ತಲಾದ ಮೇಲಿನದು, ಸಾರಂಗ ಮಧ್ಯಾಹ್ನದ್ದು. ಶಿಕಾಗೋ ಹುಡುಗಿಗೆ ನಾನು ಭೈರವ ಹೇಳಿಕೊಡುವಾಗ ನನ್ನ ಕಿಟಕಿಯಲ್ಲಿ ಸೂರ್ಯ ಹುಟ್ಟುತ್ತಿರುತ್ತಾನೆ, ಅವಳ ಹಿಂದೆ ಟ್ಯೂಬ್‌ಲೈಟು, ಆಕಳಿಕೆ. ಯಾರ ಬೆಳಗು ಹಿಡಿಯಬೇಕು?

ಹಾವೇರಿ_ಮಾಸ್ತರ
ಮುಂಜಾನೆ 8:40

ಹಾಡುವವರ ಊರಿನ ಹೊತ್ತು. ಅದೂ ಗಡಿಯಾರದ್ದಲ್ಲ, ಸೂರ್ಯನದು. ಬೇಸಿಗೆಯಲ್ಲಿ ಮ್ಯೂನಿಕ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲು, ಯಮನ್ ಶುರು ಮಾಡಲು ಕಾಯಬೇಕು.

ಪಂಚಾಂಗದ_ಅಜ್ಜ
ಮುಂಜಾನೆ 8:52

ಕಲಿಯುವಾಗ ಹೊತ್ತು ನೋಡಬೇಕಾಗಿಲ್ಲ ತಾಯಿ. ಕಛೇರಿಯಲ್ಲಿ ನೋಡಿದರೆ ಸಾಕು.

ಮಾಳಮಡ್ಡಿ_ತಂಬೂರಿ
ಮುಂಜಾನೆ 9:00

ನಮ್ಮ ಗುರುಗಳು ಇದನ್ನು ಒಪ್ಪುತ್ತಿರಲಿಲ್ಲ ಅಜ್ಜಾರೇ. ಮಧ್ಯಾಹ್ನ ಭೈರವ ಗುನುಗಿದರೆ ‘ಎದ್ದಿಯೇನು ಈಗ?’ ಅಂತ ಕೇಳುತ್ತಿದ್ದರು. ನೋಡೋಣ, ಅವಳಿಗೆ ಯಮನ್ ಶುರು ಮಾಡುತ್ತೇನೆ. ನನಗೆ ಮುಂಜಾನೆ ಆರೂವರೆಗೆ ಯಮನ್! ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ.

ಮಾಳಮಡ್ಡಿ_ತಂಬೂರಿ
ಭಾನುವಾರ 29 ಮಾರ್ಚ್, ರಾತ್ರಿ 8:45

ಕೇಳಿ ಒಂದು ಮಜಾ. ಲಂಡನ್ನಿನವರ ಕ್ಲಾಸು ಅವರ ಭಾನುವಾರ ಮಧ್ಯಾಹ್ನ ಎರಡಕ್ಕೆ. ಮೊದಲು ನಮಗೆ ಏಳೂವರೆ, ಇವತ್ತಿನಿಂದ ಆರೂವರೆ. ಫೋನು ಸರಿಯಾಗಿ ಹೇಳಿತು, ಸರಿಯಾಗಿ ಕೂತೆ. ಅವರೇ ಇಲ್ಲ! ಏಳೂಕಾಲಿಗೆ ಗಂಡ ಬಂದರು, ಕೈಯಲ್ಲಿ ಒಗ್ಗರಣೆ ಸೌಟು. ಅಡುಗೆಮನೆಯ ಓವನ್ನಿನ ಗಡಿಯಾರ ನೋಡಿಕೊಂಡು ‘ಇನ್ನೂ ಹೊತ್ತಿದೆ’ ಅಂತ ಅನ್ನ ಸಾರು ಮಾಡುತ್ತಿದ್ದರಂತೆ. ಅದನ್ನು ತಿರುಗಿಸಿರಲಿಲ್ಲ.

ನೈಟ್‌ಶಿಫ್ಟ್_ನವನಗರ
ರಾತ್ರಿ 8:51

ಓವನ್ ಗಡಿಯಾರ ತಿರುಗಿಸುವುದು ಹೇಗೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ ಅಕ್ಕೋರೇ. ಆರು ತಿಂಗಳು ಬಿಟ್ಟರೆ ತಾನೇ ಸರಿಯಾಗುತ್ತದೆ ಅಂತ ಬಿಟ್ಟಿರುತ್ತಾರೆ.

ಬ್ರಿಸ್ಬೇನ್_ಭಜ್ಜಿ
ಶನಿವಾರ 4 ಏಪ್ರಿಲ್, ಮುಂಜಾನೆ 7:40

ಅಕ್ಕೋರ ಗುಂಪಿನವಳು ನಾನು, ಸಿಕ್ಕಿಬಿದ್ದೆ! ನಮ್ಮ ಕಡೆಯ ಕಥೆ ಹೇಳುತ್ತೇನೆ. ಚಳಿಗಾಲದಲ್ಲಿ ಆಸ್ಟ್ರೇಲಿಯಾಕ್ಕೆ ಮೂರು ಟೈಮು. ಅಡಿಲೇಡ್‌ಗೆ ನಿಮ್ಮಂತೆ ಅರ್ಧ ತಾಸಿನ ಲೆಕ್ಕ. ನಮ್ಮ ಬೇಸಿಗೆ, ಅಂದರೆ ನಿಮ್ಮ ಚಳಿಗಾಲ, ಬಂದರೆ ಐದು ಟೈಮು, ಯಾಕಂದರೆ ದಕ್ಷಿಣದವರು ಗಡಿಯಾರ ತಿರುಗಿಸುತ್ತಾರೆ, ನಾವು ಕ್ವೀನ್ಸ್‌ಲೆಂಡಿನವರು ಇಲ್ಲ. ಲಾರ್ಡ್ ಹೋವ್ ಅನ್ನುವ ದ್ವೀಪದವರು ಅರ್ಧ ತಾಸು ಮಾತ್ರ ತಿರುಗಿಸುತ್ತಾರೆ, ಅದು ಬೇರೆ. ನಮ್ಮಲ್ಲಿ 1992ರಲ್ಲಿ ಮತ ಹಾಕಿಸಿದರು, ಬೇಡ ಅಂತ ಬಂತು. ‘ಜಾಸ್ತಿ ಬಿಸಿಲಿಗೆ ಪರದೆಯ ಬಣ್ಣ ಹೋಗುತ್ತದೆ’ ಅಂತ ನಮ್ಮನ್ನು ಸಿಡ್ನಿಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಕ್ಲಾಸು ಧಾರವಾಡದ ಹನ್ನೆರಡೂವರೆಗೆ, ನಮಗೆ ಸಂಜೆ ಐದು, ಸಿಡ್ನಿಗೆ ಆರು. ನಾಳೆ ಸಿಡ್ನಿ ಹಿಂದೆ ಬರುತ್ತದೆ. ಅವರಿಗೆ ಆರೇ ಬೇಕಂತೆ. ಹಾಗಾದರೆ ಅಕ್ಕೋರೂ ನಾವೂ ಒಂದು ತಾಸು ಸರಿಯಬೇಕು. ನಾವು ಗಡಿಯಾರ ಮುಟ್ಟಿಯೇ ಇಲ್ಲ, ನಾವು ಯಾಕೆ ಸರಿಯಬೇಕು?

ನೈಟ್‌ಶಿಫ್ಟ್_ನವನಗರ
ಮುಂಜಾನೆ 8:05

ಅವ್ವ ಹೇಳಿದ್ದೂ ಇದನ್ನೇ.

ಡೀಬಗ್_ಧಾರವಾಡ
ಮುಂಜಾನೆ 9:12

ಒಬ್ಬರೇ ಇದ್ದರೆ ಅವರ ಊರಿನ ಟೈಮು. ಗುಂಪಿದ್ದರೆ ಒಂದೇ ಊರು ಹಿಡಿಯಬೇಕು. ಬ್ರಿಸ್ಬೇನ್ ಹಿಡಿಯಿರಿ ಅಕ್ಕೋರೇ. ಅದೂ ಬದಲಾಗುವುದಿಲ್ಲ, ನಮ್ಮದೂ ಬದಲಾಗುವುದಿಲ್ಲ. ತಿರುಗಿಸುವವರು ಹೊಂದಿಸಿಕೊಳ್ಳಲಿ.

ಮಾಳಮಡ್ಡಿ_ತಂಬೂರಿ
ಭಾನುವಾರ 5 ಏಪ್ರಿಲ್, ಮಧ್ಯಾಹ್ನ 2:20

ಹನ್ನೆರಡೂವರೆಯನ್ನೇ ಉಳಿಸಿದೆ. ಸಿಡ್ನಿಯವರು ಮುಖ ಸಣ್ಣ ಮಾಡಿಕೊಂಡರು, ಬಂದರು.

ಕಾಕಾ, ಕ್ಲಾಸಿಗೆ ಮೊದಲು ಅಂಗಳಕ್ಕೆ ಹೋಗಿ ನಿಮ್ಮ ಕೋಲಿನ ಪ್ರಯೋಗ ಮಾಡಿದೆ. ಕಸಬರಿಗೆಯನ್ನು ಕುಂಡದಲ್ಲಿ ನಿಲ್ಲಿಸಿದ್ದೆ. ನೆರಳು ಹಿಡಿಯೊಳಗೇ ಸೇರಿಕೊಂಡಂತಿತ್ತು. ಒಳಗೆ ಬಂದು ಕೂತು, ಯೋಚನೆ ಮಾಡದೇ ಬೃಂದಾವನಿ ಸಾರಂಗ ಶುರು ಮಾಡಿಸಿದೆ. ಅವರಿಗೆ ಸಂಜೆ ಐದು ಅಂತ ನೆನಪಾಗುವ ಹೊತ್ತಿಗೆ ಸ್ಥಾಯಿ ಮುಗಿದಿತ್ತು.

ಮೀಟರ್‌ಗೇಜ್_ಕಾಕಾ
ಮಧ್ಯಾಹ್ನ 2:33

ರೈಟ್ ಟೈಮ್! ಇವತ್ತು ಹನ್ನೆರಡು ಮೂವತ್ತೆರಡರ ಸುಮಾರಿಗೆ ನೆತ್ತಿಗೆ ಬಂದಿರಬೇಕು.

ಚುರುಮುರಿ_ಚಿಕ್ಕಪ್ಪ
ಮಧ್ಯಾಹ್ನ 2:41

‘ನಮ್ಮ ಟೈಮಿಗೆ ಬನ್ನಿ ಅನ್ನಿ’ ಅಂತ ನಾನು ಮೊದಲ ದಿನ 9:11ಕ್ಕೇ ಹೇಳಿದ್ದೆ. ನೋಡಿಕೊಳ್ಳಿ ಮೇಲೆ.

ಮಾಳಮಡ್ಡಿ_ತಂಬೂರಿ
ಮಧ್ಯಾಹ್ನ 2:44

ಆಸ್ಟ್ರೇಲಿಯಾಕ್ಕೆ ಮಾತ್ರ ರೀ. ಶಿಕಾಗೋಕ್ಕೆ ಈಗಲೂ ಆರೂವರೆಗೆ ಏಳುತ್ತಿದ್ದೇನೆ, ಯಮನ್ ಹಾಡಲು. ಪಕ್ಕದ ಮನೆಯವರು ನಿನ್ನೆ ಕೇಳಿಯೇಬಿಟ್ಟರು.